ಬೋರಲು ಬಿದ್ದ ವೀರಗಲ್ಲು

"ಇಲ್ಲೇ ಮೇಡಂ. ಗೋಪಿ ಕೂತಿದ್ದು ಇದೇ ಜಾಗದಲ್ಲಿ."

ರಾಜ್‌ಕುಮಾರ್ ಬಂಡೆಯ ನೆತ್ತಿಯಲ್ಲಿ ನಿಂತು, ಮಳೆನೀರು ನಿಂತು ಸವೆದಿದ್ದ ಒಂದು ತಗ್ಗನ್ನು ಕಾಲಿನ ತುದಿಯಿಂದ ತೋರಿಸಿದ. ಅದರಾಚೆ ಮನೆಯಷ್ಟು ದೊಡ್ಡ ಗುಂಡುಕಲ್ಲೊಂದು ಅಂಗೈಯಗಲದ ಆಧಾರದ ಮೇಲೆ ಕೂತಿತ್ತು. ಈಗ ಉರುಳುತ್ತದೆ, ಇನ್ನೇನು ಉರುಳುತ್ತದೆ ಎನ್ನುವಂತೆ ಎಷ್ಟೋ ಕಾಲದಿಂದ ಹಾಗೇ ಕೂತಿತ್ತು.

ಶಶಿರೇಖ ಕೈಯೂರಿಕೊಂಡು ಮೇಲೆ ಹತ್ತಿದಳು. ಎಡ ಮಂಡಿ ಹಿಡಿದುಕೊಂಡಿತ್ತು. ಕೆಳಗೆ ವ್ಯಾನಿನ ನೆರಳಲ್ಲಿ ನಿಂತಿದ್ದ ಕುಪ್ಪುಸ್ವಾಮಿ ಕೂಗಿ ಹೇಳಿದ:

"ನಾನ್ ಇಲ್ಲೇ ಇರ್ತೀನ್ ಮಾ! ನಮ್ಮಪ್ಪ, ತಾತ ಎಲ್ಲಾ ಭೂಮಿ ಒಳಗೆ ಇಳಿದೋರು. ಮೇಲೆ ಹತ್ತೋದು ನಮ್ಮ ವಂಶದಲ್ಲೇ ಇಲ್ಲೆ!"

ಚಿನ್ನದ ಗಣಿ ಕಾರ್ಮಿಕರ ಊರಿಗಾಂ ಲೈನಿನಲ್ಲಿ ಹುಟ್ಟಿ, ಪೊಲೀಸ್ ಜೀಪು ಓಡಿಸಿ ನಿವೃತ್ತನಾದವನು ಕುಪ್ಪುಸ್ವಾಮಿ. ಪೊಲೀಸ್ ಬೆರಳಚ್ಚು ವಿಭಾಗದ ಕೆಲಸ ಬಿಟ್ಟು ಶಶಿರೇಖ ಬಂಗಾರಪೇಟೆಯಲ್ಲಿ ಪತ್ತೇದಾರಿ ಕಚೇರಿ ತೆರೆದ ದಿನದಿಂದ ಅವಳ ಜೊತೆಗಿದ್ದ.

"ಆವತ್ತು ಇಲ್ಲಿ ಎಷ್ಟು ಹೊತ್ತು ಇದ್ರಿ?"

"ಬಿಸಿಲು ಏರೋ ತನಕ ಮೇಡಂ. ಗೋಪಿ ಸುಮ್ನೆ ಫೋಟೋ ತೆಗೆಯಲ್ಲ. ನೆರಳು ಬೀಳ್ಬೇಕು, ಮೋಡ ಸರೀಬೇಕು. ಮೇಷ್ಟ್ರಲ್ವಾ, ಡ್ರಾಯಿಂಗ್ ಮೇಷ್ಟ್ರು."

ಶಾಲೆಗೆ ರಜೆ ಇದ್ದ ದಿನ ಗೋಪಿ ಬೆಂಗಳೂರಿನಿಂದ ಬಂದವರನ್ನು ಈ ಸೀಮೆಯ ಬಂಡೆ, ಗುಡಿ, ಹಳೆಯ ಕಲ್ಲುಗಳ ಸುತ್ತ ತಿರುಗಿಸುತ್ತಿದ್ದ. ಕಥೆ ಹೇಳುವುದು ಅವನ ಕೆಲಸ, ವ್ಯಾನು ಓಡಿಸುವುದು ರಾಜ್‌ಕುಮಾರನ ಕೆಲಸ. ವ್ಯಾನು ಮಾತ್ರ ಗೋಪಿಯ ತಂಗಿ ನವ್ಯಳ ಗಂಡ ಸುಧಾಕರನದು. ಕಾಮಸಮುದ್ರದ ಕಡೆ ಅವನೊಂದು ರೆಸಾರ್ಟ್ ಕಟ್ಟಿಸುತ್ತಿದ್ದ. ಹೆಂಡತಿಯ ಅಣ್ಣ ಸತ್ತ ಮೇಲೆ ಆಸ್ಪತ್ರೆ, ಸ್ಟೇಷನ್ನು, ಸ್ಮಶಾನ ಅಂತ ಓಡಾಡಿದವನೂ ಅವನೇ.

ಆ ಭಾನುವಾರ ಜನ ಯಾರೂ ಇರಲಿಲ್ಲ. ಮುಂದಿನ ವಾರಕ್ಕೆ ದಾರಿ ನೋಡಿಕೊಂಡು ಬರಲು ಗೆಳೆಯರಿಬ್ಬರೇ ಹೊರಟಿದ್ದರು. ಮರುದಿನ ಬೆಳಿಗ್ಗೆ ಗೋಪಿಯ ಹೆಣ ರಾಗಿ ಹೊಲದ ಅಂಚಿನ ಆನೆ ದಾರಿಯಲ್ಲಿ ಬಿದ್ದಿತ್ತು. ಎದೆ ಅಪ್ಪಚ್ಚಿಯಾಗಿತ್ತು. ರಾತ್ರಿ ಆನೆಗಳ ಹಿಂಡು ಅಲ್ಲೇ ದಾಟಿತ್ತು, ಲದ್ದಿ ಇನ್ನೂ ಹಸಿಯಾಗಿತ್ತು. ನೋಡಿದವರೆಲ್ಲ ಆನೆ ತುಳಿದಿದೆ ಎಂದರು. ಅವನ ಕನ್ನಡಕ ಮಾತ್ರ ಸಿಗಲಿಲ್ಲ. ಆ ನೂಕುನುಗ್ಗಲಲ್ಲಿ ಅದನ್ನು ಹುಡುಕಿದವರೂ ಇರಲಿಲ್ಲ.

ಆನೆಯ ಮಾತನ್ನು ಶಶಿರೇಖಳೂ ನಂಬುತ್ತಿದ್ದಳೇನೋ. ಆದರೆ ಸಾವಿನ ಬಗ್ಗೆ ಅನುಮಾನಪಟ್ಟು ನವ್ಯ ತಂದುಕೊಟ್ಟ ಬಟ್ಟೆಯ ಗಂಟನ್ನು ಬಿಚ್ಚಿದಾಗ ಅಣ್ಣನ ಅಂಗಿಯಿಂದ ಹರಳೆಣ್ಣೆಯ ವಾಸನೆ ಎದ್ದಿತ್ತು. ಅಂಗಿಯ ಎದೆಯ ತುಂಬ ಎಣ್ಣೆ, ಎಣ್ಣೆಯಲ್ಲಿ ಕಲಸಿದ ಅರಿಶಿನ, ಕುಂಕುಮ. ಬೆನ್ನಿನ ಕಡೆ ಬರೀ ಕೆಮ್ಮಣ್ಣು.

ಆನೆ ಅರಿಶಿನ ಹಚ್ಚಿಕೊಂಡು ಬಂದು ತುಳಿಯುವುದಿಲ್ಲ.

ಅದಕ್ಕೇ ಇವತ್ತಿನ ಈ ಸುತ್ತಾಟ. ಅದೇ ವ್ಯಾನು, ಅದೇ ದಾರಿ, ಅದೇ ಚಾಲಕ. ಅಂಗಿಯ ವಿಷಯವನ್ನು ಅವಳು ರಾಜ್‌ಕುಮಾರನಿಗೆ ಹೇಳಿರಲಿಲ್ಲ.

"ಮುಂದಿನ ಜಾಗಕ್ಕೆ ನಡೀರಿ," ಎಂದಳು.

*

ಟಾರು ರಸ್ತೆ ಬಿಟ್ಟು ಮಣ್ಣಿನ ದಾರಿಗೆ ಇಳಿದು, ಮಾವಿನ ತೋಪೊಂದನ್ನು ದಾಟಿದರೆ ಪಾಂಡವರ ಮನೆಗಳು. ನಾಲ್ಕು ಚಪ್ಪಡಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲುಗೂಡುಗಳು. ಕೆಲವು ಕುಸಿದಿದ್ದವು. ಗಟ್ಟಿಯಾಗಿ ನಿಂತಿದ್ದ ಒಂದರ ಮುಂದಿನ ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿಯಿತ್ತು. ಸುತ್ತ ಲಂಟಾನ ಬೆಳೆದಿತ್ತು, ಒಂದು ಗೂಡಿನ ಒಳಗೆ ಯಾರದೋ ಮೇಕೆ ಮಲಗಿತ್ತು.

ವ್ಯಾನಿನಿಂದ ಇಳಿದದ್ದೇ ರಾಜ್‌ಕುಮಾರನ ಬಾಯಿಗೆ ಕೀಲಿ ಕೊಟ್ಟಂತಾಯಿತು.

"ಇದು ಪಾಂಡವರು ಇದ್ದ ಮನೆ ಅಂತಾರೆ ಮೇಡಂ, ಆದ್ರೆ ಅಲ್ಲ. ಸತ್ತೋರಿಗೆ ಕಟ್ಟಿದ ಮನೆ. ಅದಿರು ಕರಗಿಸಿ ಕಬ್ಬಿಣ ಮಾಡೋದು ಕಲಿತ ಕಾಲದ ಜನ. ಈ ಕಿಂಡಿ ನೋಡಿ, ಪೂರ್ವಕ್ಕೇ ಇದೆ. ಒಳಗೆ ಮಡಕೆ, ಮೂಳೆ, ಕತ್ತಿ ಇಡ್ತಿದ್ರು..."

ನಿಲ್ಲಿಸುವವರಿಲ್ಲದಿದ್ದರೆ ಹೇಳುತ್ತಲೇ ಇರುತ್ತಿದ್ದ. ಇದೆಲ್ಲ ಗೋಪಿ ಹೇಳುತ್ತಿದ್ದ ಮಾತು, ಕೇಳಿ ಕೇಳಿ ಇವನ ನಾಲಿಗೆಗೂ ಹತ್ತಿದೆ. ಗೋಪಿಗೆ ಅದು ಪ್ರೀತಿಯಿಂದ ಬಂದಿತ್ತು. ಇವನಿಗೆ ಅಭ್ಯಾಸದಿಂದ ಬಂದಿದೆ, ಕಲ್ಲು ಕಂಡರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಶಶಿರೇಖ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

"ಇಲ್ಲಿ ಏನು ಮಾಡಿದ್ರಿ?"

"ಪುಳಿಯೋಗರೆ ತಿಂದ್ವಿ. ಸ್ವಲ್ಪ ಒರಗಿಕೊಂಡ್ವಿ. ಆಮೇಲೆ ಅವನು ಕಾಮಸಮುದ್ರದ ಕೆರೆ ಕಡೆ ಹೋಗ್ಬೇಕು ಅಂದ. ಕ್ರಾಸ್‌ನಲ್ಲಿ ಇಳಿಸಿ ನಾನು ಮಾರಿಕುಪ್ಪಂಗೆ, ಮನೆಗೆ ಹೋದೆ. ಅಷ್ಟೇ ಮೇಡಂ, ಆಮೇಲೆ ನೋಡಿದ್ದು ಹೆಣಾನೇ."

ಕೊನೆಯ ಮಾತಿಗೆ ಅವನ ದನಿ ಒಡೆಯಿತು. ನಟನೆಯಂತೆ ಕಾಣಲಿಲ್ಲ.

ಅವನು ಕೈ ತೊಳೆಯಲು ತೊಟ್ಟಿಯ ಕಡೆ ಹೋದಾಗ ಕುಪ್ಪುಸ್ವಾಮಿ ಶಶಿರೇಖಳ ಪಕ್ಕಕ್ಕೆ ಬಂದ.

"ಅಮ್ಮಾ, ವ್ಯಾನ್ ಹಿಂದ್ಗಡೆ ನೋಡಿದ್ರಾ? ಸೀಟು ಹರಿದೋಗಿದೆ, ಕಿಟಕಿ ರಬ್ಬರ್ ಕಿತ್ತೋಗಿದೆ, ಮುಂದಿನ ಮ್ಯಾಟ್ ಎಲ್ಲಾ ತೂತು. ಹಿಂದಿನ ಮ್ಯಾಟ್ ಒಂದು ಮಾತ್ರ ಪುದುಸು. ಅಂಗಡಿ ವಾಸನೆ ಇನ್ನೂ ಹೋಗಿಲ್ಲೆ."

"ನೋಡಿದೆ."

"ಕೇಳ್ಲಾ?"

"ಈಗ ಬೇಡ. ಅವನು ಮಾತಾಡ್ತಾ ಇರೋವಾಗ ನಾವು ಅಡ್ಡ ಬರೋದು ಬೇಡ."

*

ಕಾಮಸಮುದ್ರದ ಕಡೆ ಹೊರಟ ಮೇಲೂ ರಾಜ್‌ಕುಮಾರ್ ಮಾತಾಡುತ್ತಲೇ ಇದ್ದ. ಎಡಕ್ಕೆ ಆಮೆಯಂಥ ಬಂಡೆ, ಬಲಕ್ಕೆ ಪಾಳೇಗಾರರ ಕಾಲದ ಕಾವಲು ಬತೇರಿಯ ಗೋಡೆ, ಅದರ ಹಿಂದೆ ದೂರದಲ್ಲಿ ಚಿನ್ನದ ಗಣಿ ಸುರಿದ ಸೈನೈಡ್ ಮಣ್ಣಿನ ದಿಬ್ಬಗಳ ಬೂದು ಬೆನ್ನು. ಒಂದು ಮೋರಿ ಬಂತು. ಮೋರಿ ದಾಟಿದ್ದೇ ಅವನ ಮಾತು ನಿಂತಿತು. ಎಡಕ್ಕೆ ಒಂದು ಮಣ್ಣುದಾರಿ ಒಡೆದು, ರಾಗಿ ಹೊಲಗಳ ನಡುವೆ ಒಂಟಿ ಹೊಂಗೆಮರದ ಕಡೆ ಹೋಗಿತ್ತು. ಅದರ ಕಡೆ ಅವನು ಕತ್ತು ಕೂಡ ತಿರುಗಿಸಲಿಲ್ಲ. ಕಾಲು ಮಾತ್ರ ಆಕ್ಸಲೇಟರನ್ನು ಒತ್ತಿತು.

"ನಿಲ್ಲಿಸಿ," ಎಂದಳು ಶಶಿರೇಖ.

"ಇಲ್ಲೇನಿದೆ ಮೇಡಂ? ಬರೀ ಹೊಲ."

"ಹೊಂಗೆಮರದ ಕೆಳಗೆ ಒಂದು ವೀರಗಲ್ಲು ಇದೆಯಂತೆ. ಅಜ್ಜಿಯೊಬ್ಬರು ಎಣ್ಣೆ ಸುರಿದು ಸುರಿದು ಅದು ಕನ್ನಡಿ ಥರ ಹೊಳೆಯುತ್ತೆ ಅಂತ ಗೋಪಿ ಮನೇಲಿ ಹೇಳ್ತಿದ್ರಂತೆ. ನವ್ಯ ಹೇಳಿದ್ಲು. ನಿಮಗೆ ಗೊತ್ತಿಲ್ವಾ?"

"ಕೇಳಿದ್ದೀನಿ. ಬಂದಿಲ್ಲ."

"ಹಾಗಾದ್ರೆ ಇಬ್ಬರೂ ನೋಡೋಣ."

ಹೊಲದಲ್ಲಿ ರಾಗಿ ಕೊಯ್ದು ಮೆದೆ ಹಾಕುತ್ತಿದ್ದರು. ತಲೆಗೆ ಟವೆಲ್ ಸುತ್ತಿಕೊಂಡಿದ್ದ ಹೆಂಗಸೊಬ್ಬಳು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬದುವಿನ ಮೇಲೆ ಬಂದಳು. ಹೆಸರು ಆದಿಲಕ್ಷ್ಮಮ್ಮ, ಹೊಲ ಅವಳದೇ. ಶಶಿರೇಖ ಕಲ್ಲಿನ ವಿಷಯ ಎತ್ತಿದ ಕೂಡಲೇ ಅವಳ ಮುಖ ಬಾಡಿತು.

"ಏನ್ ಏಳ್ಲಿ ತಾಯಿ, ನಮ್ಮ ಈರಗಾರಪ್ಪ ಬಿದ್ದೋಗವ್ನೆ. ಬನ್ನಿ, ನೀವೇ ನೋಡಿ."

ಹೊಂಗೆಮರದ ಬುಡದಲ್ಲಿ ಆಳುದ್ದದ ಚಪ್ಪಡಿಯೊಂದು ಬೋರಲು ಬಿದ್ದಿತ್ತು. ಮೇಲೆ ಕಾಣುತ್ತಿದ್ದದ್ದು ಕೆತ್ತನೆಯಿಲ್ಲದ ಒರಟು ಬೆನ್ನು. ಅದರ ಮೇಲೆ ಯಾರೋ ಹೂ ಏರಿಸಿ, ಒಂದು ದೀಪ ಹಚ್ಚಿಟ್ಟಿದ್ದರು.

"ಯಾವಾಗ ಬಿತ್ತು?"

"ಆಚೆ ದಾರಿಗೆ ಆನೆ ಬಂದಿದ್ವಲ್ಲಾ, ಮೇಷ್ಟ್ರು ತೀರೋದ್ರಲ್ಲಾ, ಅದೇ ರಾತ್ರಿ. ಆನೆಗೋಳು ತಳ್ಳಾಕವೆ. ನಮ್ಮತ್ತೆ ಕಾಲ್ದಿಂದ ಎಣ್ಣೆ ಉಯ್ತಿದ್ದೀವಿ, ಹಿಂಗೆ ಯಾವತ್ತೂ ಆಗಿರ್ಲಿಲ್ಲ. ಶಾಂತಿ ಮಾಡಿಸ್ದೆ ಎತ್ತಾದು ಬ್ಯಾಡ ಅಂತ ಇಂಗೇ ಬಿಟ್ಟಿದ್ದೀವಿ."

"ಆವತ್ತು ಈ ಹೊಲದಲ್ಲಿ ರಾಗಿ ಇತ್ತಾ?"

"ಇತ್ತಲ್ಲಾ. ಕೊಯ್ದಿದ್ದು ಮೊನ್ನೆ."

"ಆನೆ ಎಷ್ಟು ತಿಂದಿತ್ತು?"

ಆದಿಲಕ್ಷ್ಮಮ್ಮ ಬಾಯಿ ತೆರೆದವಳು ಹಾಗೇ ನಿಂತಳು. ಕೊಯ್ಲು ಮಾಡುತ್ತಿದ್ದ ಆಳುಗಳೂ ಕೆಲಸ ನಿಲ್ಲಿಸಿ ಈ ಕಡೆ ನೋಡಿದರು.

"ಒಂದ್ ತೆನೇನೂ ಮುಟ್ಟಿರ್ಲಿಲ್ಲ ಕಣಮ್ಮ," ಎಂದಳು ನಿಧಾನವಾಗಿ. "ಈರಗಾರಪ್ಪ ತಾನು ಬಿದ್ದು ನಮ್ ರಾಗಿ ಉಳಿಸ್ದ ಅಂದ್ಕೊಂಡ್ವಿ."

ಹಣ್ಣಾದ ರಾಗಿಯ ನಡುವೆ ಬಂದು, ಒಂದು ಬಾಯಿ ಕೂಡ ತಿನ್ನದೆ, ಕಲ್ಲನ್ನು ಮಾತ್ರ ತಳ್ಳಿಹೋಗುವ ಆನೆ ಎಲ್ಲೂ ಇರಲಾರದು. ಶಶಿರೇಖ ಕಲ್ಲಿನ ಬುಡದ ಬಳಿ ಕುಳಿತು ಮಣ್ಣು ಕೆದಕಿದಳು. ಮೇಲೆ ಸಡಿಲ ಮಣ್ಣು, ಅದರ ಕೆಳಗೆ ಗುಂಡಿಯ ಗೋಡೆ. ಗೋಡೆಯಲ್ಲಿ ಹಾರೆಯ ಬಾಯಿಯ ಗುರುತು ಚಾಕುವಿನಿಂದ ಬೆಣ್ಣೆ ಕೊಯ್ದಷ್ಟು ನೇರವಾಗಿತ್ತು. ತಲೆಯೆತ್ತಿ ನೋಡಿದಳು. ಹೊಂಗೆಯ ದಪ್ಪ ಕೊಂಬೆಯ ತೊಗಟೆ ಒಂದು ಕಡೆ ಸುತ್ತಲೂ ಜಜ್ಜಿ ಹೋಗಿತ್ತು. ಭಾರದ ಸರಪಳಿ ತೂಗಿದ ಗಾಯ ಅದು.

ಇದ್ಯಾವುದನ್ನೂ ಅವಳು ಬಾಯಿಬಿಟ್ಟು ಹೇಳಲಿಲ್ಲ. ಎದ್ದು ಮಣ್ಣು ಕೊಡವಿಕೊಂಡು, ಪ್ರವಾಸಕ್ಕೆ ಬಂದವಳ ದನಿಯಲ್ಲಿ ಕೇಳಿದಳು:

"ಛೆ, ಕೆತ್ತನೆ ನೋಡೋಕೆ ಆಗಲ್ವಲ್ಲಾ. ರಾಜ್‌ಕುಮಾರ್, ಗೋಪಿ ನಿಮಗೆ ಇದರ ಫೋಟೋ ತೋರಿಸಿದ್ರಾ? ಏನಿದೆ ಇದರಲ್ಲಿ?"

ಅಲ್ಲಿಯವರೆಗೆ ಮರದ ಕಾಂಡಕ್ಕೆ ಒರಗಿ ನೆಲ ನೋಡುತ್ತಿದ್ದ ರಾಜ್‌ಕುಮಾರ್ ತಲೆಯೆತ್ತಿದ.

"ತೋರಿಸಿದ್ದ ಮೇಡಂ. ಇದು ಬೇಟೆ ಕಲ್ಲು. ಯುದ್ಧದಲ್ಲಿ ಸತ್ತೋನಲ್ಲ, ಹಂದಿ ಬೇಟೇಲಿ ಸತ್ತ ವೀರ. ತಲೆ ಮೇಲೆ ತುರುಬು, ಎಡಗೈಲಿ ಬಿಲ್ಲು, ಬಲಗೈಲಿ ಬಾಕು. ಕೆಳಗೆ ಕಾಲ ಹತ್ರ ಅವನ ನಾಯಿ ಇದೆ, ಹಂದಿ ಮೂತೀನ ಕಚ್ಚಿ ಹಿಡ್ಕೊಂಡಿದೆ. ನಾಯಿ ಕೊರಳಿಗೆ ಪಟ್ಟಿ ಕೂಡ ಕೆತ್ತಿದ್ದಾರೆ, ಅಷ್ಟು ನಾಜೂಕು..."

"ಯಾವ ನಾಯಿ?" ಎಂದಳು ಆದಿಲಕ್ಷ್ಮಮ್ಮ.

ರಾಜ್‌ಕುಮಾರ್ ವ್ಯಾನಿನ ಕಡೆ ಒಮ್ಮೆ ನೋಡಿದ.

"ನಮ್ಮ ಈರಗಾರಪ್ಪಂಗೆ ನಾಯಿ ಎಲ್ಲಿಂದ ಬಂತಪ್ಪಾ? ನಾನು ಲಗ್ನ ಆಗಿ ಬಂದಾಗಿಂದ ನೋಡ್ತಿದ್ದೀನಿ, ನಡು ಮಟ್ಟ ಭೂಮಿ ಒಳ್ಗೇ ಊತೋಗವ್ನೆ. ಕಾಲೇ ಯಾರೂ ಕಂಡಿಲ್ಲ. ಇನ್ನ ನಾಯಿ ಯಾರ್ ಕಂಡವ್ರೆ?"

ಮೆದೆಯ ಹತ್ತಿರ ಯಾರೋ ಕೆಮ್ಮಿದರು. ಕುಪ್ಪುಸ್ವಾಮಿ ಆತುರವಿಲ್ಲದೆ ನಡೆದು ಹೋಗಿ, ರಾಜ್‌ಕುಮಾರನಿಗೂ ವ್ಯಾನಿಗೂ ನಡುವೆ ನಿಂತುಕೊಂಡ.

"ಗೋಪಿ... ಗೋಪಿನೇ ಹೇಳಿದ್ದ," ಎಂದ ರಾಜ್‌ಕುಮಾರ್. "ಬೇಟೆ ಕಲ್ಲು ಅಂದ್ರೆ ನಾಯಿ ಇದ್ದೇ ಇರುತ್ತೆ ಅಂತ."

"ಕೊರಳಪಟ್ಟಿ ಸಮೇತ?"

ಅವನು ಕಾಂಡ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

"ಅಮ್ಮಾ," ಶಶಿರೇಖ ಆದಿಲಕ್ಷ್ಮಮ್ಮನ ಕಡೆ ತಿರುಗಿದಳು, "ನಿಮ್ಮ ದೇವರನ್ನ ಪೂರ್ತಿ ಎತ್ತೋದು ಬೇಡ. ಒಂದು ಮಗ್ಗುಲು ಮಾತ್ರ ಸ್ವಲ್ಪ ಎಬ್ಬಿಸ್ಬೇಕು. ಆ ಮೇಷ್ಟ್ರು ಹೇಗೆ ಸತ್ರು ಅನ್ನೋದು ಇದರ ಕೆಳಗಿದೆ. ಅಪ್ಪಣೆ ಕೊಡ್ತೀರಾ?"

ಆದಿಲಕ್ಷ್ಮಮ್ಮ ಕಲ್ಲನ್ನು ನೋಡಿದಳು, ರಾಜ್‌ಕುಮಾರನನ್ನು ನೋಡಿದಳು. ಆಮೇಲೆ ಟವೆಲ್ ಬಿಚ್ಚಿ, ಸೆರಗು ಹೊದ್ದು, ಕಲ್ಲಿಗೆ ಕೈಮುಗಿದಳು.

"ಆ ಮೇಷ್ಟ್ರು ಈ ಕಡೆ ಬಂದ್ರೆ ನಮ್ಮನೇಲಿ ಮಜ್ಜಿಗೆ ಕುಡೀದೆ ಓಯ್ತಿರ್ಲಿಲ್ಲ. ಎತ್ರೋ," ಎಂದು ಮಗನಿಗೂ ಆಳುಗಳಿಗೂ ಕೂಗಿದಳು. "ಆರೆ ತಗಂಡ್ ಬರ್ರೋ!"

*

ಹಾರೆಗಳನ್ನು ಕೊಟ್ಟು ಮೀಟಿದಾಗ ಚಪ್ಪಡಿ ನರಳಿದಂತೆ ಸದ್ದು ಮಾಡಿ ಒಂದು ಮಗ್ಗುಲಿಗೆ ಎದ್ದಿತು. ಸಂದಿಗೆ ಗುಂಡುಕಲ್ಲು ಕೊಟ್ಟು ನಿಲ್ಲಿಸಿದರು. ಶಶಿರೇಖ ಮಂಡಿನೋವು ಮರೆತು ನೆಲದ ಮೇಲೆ ಬೋರಲು ಮಲಗಿ ಮೊಬೈಲಿನ ಬೆಳಕು ಬಿಟ್ಟಳು.

ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅಂಗಿಯದೇ ವಾಸನೆ.

ಮೇಲ್ಭಾಗ ಎಣ್ಣೆ ಕುಡಿದು ಕಪ್ಪಾಗಿತ್ತು. ಬಿಲ್ಲು ಕಂಡಿತು, ಬಾಕು ಕಂಡಿತು. ವೀರನ ಎದೆಯ ಮೇಲೆ ಮೆತ್ತಿದ್ದ ಅರಿಶಿನ ಒಂದು ಕಡೆ ಒರೆಸಿಹೋಗಿತ್ತು, ಅಲ್ಲೊಂದು ಕಪ್ಪುಗೆಂಪು ಕಲೆ ಒಣಗಿ ಹಿಡಿದಿತ್ತು. ನಡುವಿನಿಂದ ಕೆಳಗೆ ಕಲ್ಲಿನ ಬಣ್ಣವೇ ಬೇರೆ. ಎಣ್ಣೆ ಕಾಣದ, ಬಿಸಿಲು ಕಾಣದ, ಇದೀಗ ಕೆತ್ತಿಟ್ಟಂಥ ಬೂದುಕಲ್ಲು. ಅಲ್ಲಿ, ಮಂಡಿ ಮಡಿಸಿದ ಕಾಲಿನ ಪಕ್ಕದಲ್ಲಿ, ಬಾಲ ಸುರುಳಿ ಸುತ್ತಿದ ನಾಯಿಯೊಂದು ಹಂದಿಯ ಮೂತಿ ಹಿಡಿದಿತ್ತು. ಕೊರಳಿಗೆ ಪಟ್ಟಿ.

"ಐತಾ?" ಆದಿಲಕ್ಷ್ಮಮ್ಮ ಮೇಲಿಂದ ಕೇಳಿದಳು. "ನಾಯಿ ಐತಾ ತಾಯಿ?"

"ಇದೆ ಅಮ್ಮ."

"ನಮ್ಮತ್ತೆಯೂ ನೋಡ್ಲಿಲ್ಲ," ಎಂದಳು ಅವಳು, ತನಗೇ ಹೇಳಿಕೊಂಡಂತೆ. "ಸಾಯೋಗಂಟ ಎಣ್ಣೆ ಉಯ್ದ್ಲು, ನಾಯಿ ಇರಾದು ಗೊತ್ತೇ ಇರ್ಲಿಲ್ಲ."

ಶಶಿರೇಖ ಕೈ ಚಾಚಿ, ಕಲ್ಲಿನಡಿಯ ಮಣ್ಣನ್ನು ಬೆರಳಿನಿಂದ ಸರಿಸಿದಳು. ಏನೋ ಚುಚ್ಚಿತು. ಕರವಸ್ತ್ರದಲ್ಲಿ ಹಿಡಿದು ಎಳೆದುಕೊಂಡಳು. ಕನ್ನಡಕದ ಒಂದು ಕಣ್ಣು, ಗಾಜು ಸೀಳಿಹೋಗಿದೆ. ಅದರ ಕಡ್ಡಿಗೆ ಸುತ್ತಿದ್ದ ಹಸಿರು ದಾರ ಇನ್ನೂ ಬಿಚ್ಚಿರಲಿಲ್ಲ. ಬಂಡೆ ಹತ್ತುವಾಗ ಬೀಳದಿರಲಿ ಎಂದು ಗೋಪಿ ಕಟ್ಟಿಕೊಂಡಿದ್ದ ದಾರ ಅದು, ನವ್ಯ ಅದರ ಗುರುತು ಹೇಳಿದ್ದಳು.

ಎದ್ದು ಬಂದು ಅದನ್ನು ರಾಜ್‌ಕುಮಾರನ ಮುಂದೆ ಹಿಡಿದಳು. ದನಿ ಏರಿಸಲಿಲ್ಲ.

"ಗೋಪಿ ಸತ್ತಿದ್ದು ಆನೆ ಕಾಲಡಿ ಅಲ್ಲ, ಈ ಕಲ್ಲಿನ ಅಡಿ. ಅವರ ಅಂಗಿಯ ಎದೆ ತುಂಬ ಈ ಕಲ್ಲಿನ ಎಣ್ಣೆ ಇದೆ, ಈ ಕಲ್ಲಿನ ಅರಿಶಿನ ಇದೆ. ನೀನು ಗುಂಡಿ ತೋಡಿದ್ದೀಯಾ. ತೋಡಿದವನನ್ನ ಬಿಟ್ಟು ಆ ನಾಯಿನ ಇನ್ಯಾರೂ ನೋಡಿಲ್ಲ. ವ್ಯಾನಿನ ಹಿಂದೆ ಹೊಸ ಮ್ಯಾಟ್ ಯಾಕೆ ಬಂತು ಅಂತಾನೂ ನಾನು ಕೇಳಬಲ್ಲೆ. ಆದ್ರೆ ನೀನೇ ಹೇಳಿದ್ರೆ ಒಳ್ಳೇದು."

ರಾಜ್‌ಕುಮಾರ್ ಕಡ್ಡಿಯ ಹಸಿರು ದಾರವನ್ನೇ ನೋಡಿದ. ಆಮೇಲೆ ಬೇರಿನ ಮೇಲೆ ಕುಳಿತ. ಗೈಡಿನ ಮಾತು ಅಲ್ಲಿಗೆ ಕಳಚಿಬಿತ್ತು. ಊರ ಮಾತು ಹೊರಬಂತು.

"ನಾನ್ ಕೊಂದಿಲ್ಲ ಮೇಡಂ. ನಮ್ಮವ್ವನಾಣೆ, ಕೊಂದಿಲ್ಲ."

"ಏನಾಯ್ತು ಹೇಳು."

"ಅವ್ನನ್ನ ಕ್ರಾಸ್‌ನಾಗೆ ಇಳ್ಸಿದ್ದು ನಿಜ. ಕೆರೆ ಕಡೆ ಓಯ್ತಾನೆ, ಸಂಜೆಗಂಟ ಬರಾಕಿಲ್ಲ ಅಂದ್ಕೊಂಡಿದ್ದೆ. ವಾಪಸ್ ಇಲ್ಲಿಗೆ ಬಂದೆ. ಸರಪಳಿ, ರಾಟೆ ಎಲ್ಲಾ ವ್ಯಾನ್‌ನಾಗೇ ಇತ್ತು. ಊರಾಗೆ ಈರಮ್ಮ ದ್ಯಾವ್ರ ಪೂಜೆ ಅಂತ ಆವತ್ತು ಹೊಲದಾಗೆ ಯಾರೂ ಇರಾಕಿಲ್ಲ ಅಂತ ಗೊತ್ತಿತ್ತು. ಗುಂಡಿ ತೋಡಿ, ಕೊಂಬೆಗೆ ರಾಟೆ ಕಟ್ಟಿ, ಕಲ್ಲು ಎತ್ತಿದ್ವಿ. ಪೂರ್ತಿ ಮ್ಯಾಕೆ ಬಂದಿತ್ತು. ಆವಾಗ ಗೋಪಿ ಬಂದ. ವ್ಯಾನು ಈ ದಾರಿಗೆ ತಿರುಗಾದು ಕಂಡೈತೆ, ಬದುವಿನ ಮ್ಯಾಲೆ ಓಡಿ ಬಂದವ್ನೆ."

ಆಳುಗಳು ಹಾರೆ ಹಿಡಿದುಕೊಂಡೇ ಸುತ್ತ ನೆರೆದಿದ್ದರು.

"ಬೈಲಿಲ್ಲ ಮೇಡಂ. ಬೈದಿದ್ರೆ ಚೆಂದಾಗಿತ್ತು. 'ಬಿಡ್ರೋ, ಇದು ಅವರ ಮನೆ ದ್ಯಾವ್ರು ಕಣ್ರೋ' ಅಂದ. ಸರಪಳಿ ಬಿಡ್ಲಿಲ್ಲ ನಾವು. ಅದ್ಕೇ ಬಂದು ಕಲ್ಲನ್ನ ತಬ್ಕಂಡ್‌ಬಿಟ್ಟ. ಎರಡೂ ಕೈನಾಗೆ, ಮಗೂನ ತಬ್ಕಂಡಂಗೆ. 'ಈಗ ಹೆಂಗ್ ತಗಂಡ್ ಓಯ್ತೀರೋ ನೋಡ್ತೀನಿ' ಅಂದ. ನಗ್ತಿದ್ದ ಮೇಡಂ... ಎಣ್ಣೆ ಕಲ್ಲು, ಸರಪಳಿ ಜಾರ್ತು."

ಅವನು ಮುಖ ಮುಚ್ಚಿಕೊಂಡ. ಆದಿಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ನೆಲಕ್ಕೆ ಕೂತಳು.

ಒಂದು ಕ್ಷಣ ಶಶಿರೇಖ ಹೊಲದ ಆಚೆ ಎಲ್ಲೋ ನೋಡಿದಳು. ಆದರೆ ಕೇಳಬೇಕಾದ ಪ್ರಶ್ನೆ ಉಳಿದಿತ್ತು.

"ಎತ್ತಿದ್ವಿ ಅಂದೆ. ಬಿಡಲಿಲ್ಲ ನಾವು ಅಂದೆ. ಸರಪಳಿಯ ಇನ್ನೊಂದು ಕೊನೆ ಹಿಡಿದಿದ್ದು ಯಾರು?"

ಅವನು ಮುಖದಿಂದ ಕೈ ತೆಗೆಯಲಿಲ್ಲ.

"ಈ ಕಲ್ಲು ಯಾರಿಗೆ ಬೇಕಾಗಿತ್ತು ರಾಜ್‌ಕುಮಾರ್?"

"ರೆಸಾರ್ಟ್ ಬಾಗ್ಲಾಗೆ ನಿಲ್ಲಿಸ್ಬೇಕು ಅಂದ್ರು," ಎಂದ ಅವನು ಕೈಗಳ ಒಳಗಿಂದಲೇ. "ಎಣ್ಣೆ ಕುಡಿದ ಕಲ್ಲು, ಲೈಟ್ ಬಿಟ್ರೆ ಹೊಳೀತದೆ ಅಂದ್ರು. ಫೋಟೋ ತೋರ್ಸಿದ್ದು ಗೋಪಿನೇ. ತಂಗಿ ಗಂಡ ಅಲ್ವಾ, ಮನೇಲಿ ಎಲ್ರಿಗೂ ತೋರ್ಸವ್ನೆ."

ಸುಧಾಕರ್.

ಕುಪ್ಪುಸ್ವಾಮಿ ತಮಿಳಿನಲ್ಲಿ ಏನೋ ಗೊಣಗಿ ಮುಖ ತಿರುಗಿಸಿದ.

"ಮುಂದೆ ಹೇಳು."

"ಕಲ್ಲು ಮೀಟಿ ಗೋಪೀನ ಎಳ್ಕೊಂಡ್ವಿ ಮೇಡಂ. ಕಣ್ಣು ಬಿಟ್ಕಂಡಿದ್ದ."

ಶಶಿರೇಖ ಅವನ ಎದುರು ಬಗ್ಗಿದಳು. "ಏನಂದೆ?"

"ಬದುಕಿದ್ದ. ನನ್ನ ಹೆಸರು ಹಿಡಿದು ಕರೆದ, ನೀರು ಕೇಳ್ದ. ಅಲುಗಾಡ್ಸಿದ್ರೆ ಪ್ರಾಣ ಓಯ್ತದೆ, ವ್ಯಾನ್‌ಗೆ ಎತ್ತಾದು ಬ್ಯಾಡ ಅಂದ್ರು ಸುಧಾಕರ್. 'ನಾನು ಆಂಬುಲೆನ್ಸ್‌ಗೆ ಫೋನ್ ಮಾಡ್ತೀನಿ, ಅವ್ರಿಗೆ ಈ ದಾರಿ ಗೊತ್ತಾಗಲ್ಲ, ನೀನು ನನ್ನ ಬೈಕ್ ತಗಂಡ್ ಓಗಿ ಕ್ರಾಸ್‌ನಾಗೆ ನಿಂತ್ಕೊ' ಅಂದ್ರು. ನಿಂತೆ. ಬರೋ ಗಾಡಿಗೆಲ್ಲಾ ಕೈ ಆಡ್ಸ್‌ತಾ ನಿಂತೆ. ಒತ್ತು ಮುಳುಗೋಗಂಟ ನಿಂತೆ. ಆಂಬುಲೆನ್ಸ್ ಬರ್ಲೇ ಇಲ್ಲ."

"ವಾಪಸ್ ಬಂದೆ."

"ಬಂದೆ. ಗೋಪಿ ಇರ್ಲಿಲ್ಲ. ವ್ಯಾನೂ ಇರ್ಲಿಲ್ಲ. ಸ್ವಲ್ಪ ಹೊತ್ತಿಗೆ ಸುಧಾಕರ್ ವ್ಯಾನ್ ತಂದ್ರು. 'ಮುಗೀತು ಕಣೋ. ಆನೆ ದಾರೀಲಿ ಮಲಗ್ಸಿ ಬಂದಿದ್ದೀನಿ. ಬಾಯಿ ಬಿಟ್ರೆ ನೀನೂ ನನ್ ಜೊತೇಲೇ ಜೈಲಿಗೆ' ಅಂದ್ರು. ಹೆಂಗ್ ಮುಗೀತು, ಯಾವಾಗ್ ಮುಗೀತು, ನಾನ್ ಕೇಳ್ಲಿಲ್ಲ ಮೇಡಂ. ಕೇಳಾಕ್ ಭಯ ಆಯ್ತು."

ಆ ಆಂಬುಲೆನ್ಸನ್ನು ಯಾರೂ ಕರೆದೇ ಇರಲಿಲ್ಲ. ಅದು ಅಲ್ಲಿ ನೆರೆದಿದ್ದ ಅಷ್ಟೂ ಜನಕ್ಕೆ ಒಟ್ಟಿಗೇ ಹೊಳೆಯಿತು. ಆದಿಲಕ್ಷ್ಮಮ್ಮನ ಮಗ ಹಾರೆಯನ್ನು ನೆಲಕ್ಕೆ ಕುಕ್ಕಿ ಒಂದು ಹೆಜ್ಜೆ ಮುಂದೆ ಬಂದ. ಶಶಿರೇಖ ಕೈ ಎತ್ತಿ ಅವನನ್ನು ತಡೆದಳು.

"ಕುಪ್ಪುಸ್ವಾಮಿ, ಇವನನ್ನ ನೋಡಿಕೊಳ್ಳಿ. ಸ್ಟೇಷನ್‌ಗೆ ಫೋನ್ ಮಾಡಿ, ಬರೋ ತನಕ ಈ ಕಲ್ಲನ್ನ ಯಾರೂ ಮುಟ್ಟಬಾರದು."

ತಾನು ಮೊಬೈಲ್ ತೆಗೆದು ಬದುವಿನ ಮೇಲಕ್ಕೆ ನಡೆದಳು. ನವ್ಯಳಿಗೆ ಈ ಸುದ್ದಿ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಆದರೆ ಮೊದಲು ಅವಳು ಆ ಮನೆಯಿಂದ ಹೊರಬರಬೇಕು. ತವರಿಗೆ ಹೋಗಲಿ, ಪಕ್ಕದ ಮನೆಗಾದರೂ ಹೋಗಲಿ.

ಆ ಕಡೆ ಫೋನು ರಿಂಗಾಯಿತು. ನವ್ಯ ಎತ್ತಿದಳು. ಅವಳ ಮಾತಿಗಿಂತ ಮುಂಚೆ ಗಾಳಿಯ ಸದ್ದು ಕೇಳಿಸಿತು.

"ನವ್ಯ, ಎಲ್ಲಿದ್ದೀಯಮ್ಮ?"

"ಮನೇಲಿಲ್ಲ ಮೇಡಂ. ಬೆಳಿಗ್ಗೆ ನೀವು ಹೇಳಿದ್ರಲ್ಲ, ಆನೆ ಅಲ್ಲ ಅಂತ. ಅದನ್ನ ಇವರಿಗೆ ಹೇಳ್ದೆ. ಇವರಿಗೂ ತುಂಬ ಬೇಜಾರಾಯ್ತು. ಅಣ್ಣ ಬಿದ್ದಿದ್ದ ಜಾಗಾನ ನೀನೇ ಒಂದ್ಸಲ ನೋಡು ಬಾ ಅಂತ ಕರ್ಕೊಂಡು ಬಂದಿದ್ದಾರೆ. ಆನೆ ದಾರಿ ಪಕ್ಕದ ಬಂಡೆ ಮೇಲಿದ್ದೀವಿ. ಇಲ್ಲಿಂದ ಎಲ್ಲಾ ಕಾಣುತ್ತೆ."

ಶಶಿರೇಖ ಬದುವಿನ ಮೇಲೆ ನಿಂತುಬಿಟ್ಟಳು. ದನಿಯನ್ನು ಮಾತ್ರ ಮಾಮೂಲಿನಂತೆ ಇಟ್ಟುಕೊಂಡಳು.

"ಸರಿ. ನಾನು ಹೇಳೋದನ್ನ ಕೇಳು. ಹೂಂ, ಉಹೂಂ ಅಂತಷ್ಟೇ ಅನ್ನು. ಈಗ ಕೆಳಗೆ ಇಳಿದು ರಸ್ತೆ ಕಡೆ..."

"ಒಂದ್ನಿಮಿಷ ಮೇಡಂ. ಇವರು ಫೋನ್ ಕೇಳ್ತಿದ್ದಾರೆ."

ಫೋನು ಕೈ ಬದಲಾದ ಸದ್ದಾಯಿತು. ಆಮೇಲೆ ಸುಧಾಕರನ ದನಿ, ಯಾವಾಗಿನಂತೆ ಮೆತ್ತಗೆ, ಮರ್ಯಾದೆಯಿಂದ.

"ನಮಸ್ಕಾರ ಮೇಡಂ. ರಾಜ್‌ಕುಮಾರ್ ನಿಮ್ಮ ಜೊತೇಲೇ ಇದ್ದಾನಲ್ವಾ? ಸ್ವಲ್ಪ ಅವನಿಗೆ ಕೊಡಿ ಫೋನ್. ಅವನು ನಿಮಗೆ ಏನೇನು ಹೇಳಿದ್ದಾನೆ ಅಂತ ಅವನ ಬಾಯಿಂದಲೇ ಕೇಳ್ಬೇಕು." ಒಂದು ಕ್ಷಣ ಬರೀ ಗಾಳಿ ಬೀಸಿತು. "ಬೇಗ ಕೊಡಿ ಮೇಡಂ. ನವ್ಯ ಬಂಡೆ ತುದೀಲಿ ನಿಂತಿದ್ದಾಳೆ. ಗಾಳಿ ಜೋರಾಗಿದೆ."